ಚಿತ್ರದುರ್ಗ ಜಿಲ್ಲೆಯ ಆಡುಗನ್ನಡ

ಚಿತ್ರದುರ್ಗ ಜಿಲ್ಲೆಯ ಆಡುಗನ್ನಡವು ಕರ್ನಾಟಕದ ಮಧ್ಯಭಾಗದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುವ ಕನ್ನಡದ ಪ್ರಾದೇಶಿಕ ಹಾಗೂ ಸಾಮಾಜಿಕ ರೂಪಗಳ ಸಮೂಹವಾಗಿದೆ. ಕನ್ನಡದ ಉಪಭಾಷೆಗಳನ್ನು ಮೈಸೂರು, ಧಾರವಾಡ, ಕಲಬುರಗಿ ಮತ್ತು ಕರಾವಳಿ ಎಂದು ನಾಲ್ಕಾಗಿ ವಿಂಗಡಿಸುವ ವಾಡಿಕೆಯಿದೆ. ಈ ವಿಂಗಡಣೆಯಲ್ಲಿ ಚಿತ್ರದುರ್ಗಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಮೈಸೂರು ಕನ್ನಡ ಮುಗಿದು ಧಾರವಾಡ ಕನ್ನಡ ಆರಂಭವಾಗುವ ನಡುಪ್ರದೇಶವೆಂದೇ ಅದನ್ನು ಪರಿಗಣಿಸಲಾಗುತ್ತದೆ. ಇದರಿಂದಾಗಿ ಇಲ್ಲಿಯ ಮಾತು ಎರಡು ಕನ್ನಡಗಳ ಕಲಬೆರಕೆ, ಹಳ್ಳಿಗರ ‘ಅಶುದ್ಧ’ ಉಚ್ಚಾರ ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿಯೂ ಉಳಿದುಕೊಂಡಿದೆ. ಸೂಕ್ಷ್ಮವಾಗಿ ಗಮನಿಸಿದರೆ ಈ ಮಾತಿಗೆ ತನ್ನವೇ ಆದ ನಿಯಮಗಳಿರುವುದೂ ಆ ನಿಯಮಗಳ ಹಿಂದೆ ಕನ್ನಡದ ಸಾವಿರ ವರ್ಷಗಳ ಚರಿತ್ರೆಯಿರುವುದೂ ತಿಳಿದುಬರುತ್ತದೆ. ಪ್ರಸ್ತುತ ಲೇಖನವು ಮುಖ್ಯವಾಗಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಿಗೆ ಸಂಬಂಧಿಸಿದ್ದು, ಅಗತ್ಯವಿರುವ ಕಡೆ ಉಳಿದ ಎರಡು ತಾಲ್ಲೂಕುಗಳನ್ನು ಪ್ರಸ್ತಾಪಿಸಲಾಗಿದೆ.

ನೆಲೆ ಮತ್ತು ಗಡಿಗಳು

ಜಿಲ್ಲೆಯ ಪೂರ್ವಕ್ಕೆ ಆಂಧ್ರಪ್ರದೇಶವಿದೆ. ದಕ್ಷಿಣಕ್ಕೆ ತುಮಕೂರು, ನೈಋತ್ಯಕ್ಕೆ ಚಿಕ್ಕಮಗಳೂರು, ಪಶ್ಚಿಮಕ್ಕೆ ದಾವಣಗೆರೆ, ಉತ್ತರಕ್ಕೆ ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿವೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16,59,456. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯು ಹಿರಿಯೂರು ಮತ್ತು ಚಿತ್ರದುರ್ಗಗಳನ್ನು ಹಾದು ದಾವಣಗೆರೆಗೆ ಸಾಗುತ್ತದೆ. ಈ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತು ಸಹಪ್ರಯಾಣಿಕರ ಮಾತಿಗೆ ಕಿವಿಗೊಟ್ಟವರಿಗೆ ‘ಐತೆ’ ಎಂಬುದು ‘ಐತಿ’ ಆಗುವುದು ಕೇಳಿಸುತ್ತದೆ. ಎಲ್ಲಿ ಆಯಿತು ಎಂದು ಒಂದು ಊರನ್ನು ಬೆರಳಿಟ್ಟು ತೋರಿಸುವುದು ಮಾತ್ರ ಸಾಧ್ಯವಾಗುವುದಿಲ್ಲ.

ಈ ಪ್ರದೇಶದ ಲಿಖಿತ ದಾಖಲೆಗಳು ಕನ್ನಡದಲ್ಲಿ ಆರಂಭವಾಗುವುದಿಲ್ಲ ಎಂಬುದು ಗಮನಾರ್ಹ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳ ಭಾಷೆ ಪ್ರಾಕೃತ. ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿನಾಮವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದರು. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಮಯೂರಶರ್ಮನ ಶಾಸನವೂ ಪ್ರಾಕೃತದಲ್ಲಿದೆ. ನಗರದ ಸಮೀಪದ ತಮಟಕಲ್ಲಿನಲ್ಲಿ, ಸುಮಾರು ಕ್ರಿ.ಶ. 500ರ ಕಾಲಕ್ಕೆ ಸೇರಿದ ಶಾಸನದಲ್ಲಿ, ಕನ್ನಡವು ಪದ್ಯರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆಡಳಿತಕ್ಕೆ ಒಂದು ಭಾಷೆ, ಮನೆಗೆ ಇನ್ನೊಂದು ಎಂಬ ಸ್ಥಿತಿ ಈ ನೆಲಕ್ಕೆ ಹೊಸದಲ್ಲ.

ಆಧುನಿಕ ಕಾಲದ ಆಡಳಿತದ ಗಡಿಗಳೂ ಮಾತಿನ ಮೇಲೆ ಪ್ರಭಾವ ಬೀರಿವೆ. 1779ರಲ್ಲಿ ಚಿತ್ರದುರ್ಗದ ನಾಯಕರ ಆಳ್ವಿಕೆಯು ಹೈದರಲಿಯ ಕೈಯಲ್ಲಿ ಕೊನೆಗೊಂಡ ಬಳಿಕ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಬ್ರಿಟಿಷರ ಕಾಲದಲ್ಲಿ ಹರಿಹರದ ಆಚೆಗೆ, ತುಂಗಭದ್ರೆಯ ಎಡದಂಡೆಯಲ್ಲಿ, ಮುಂಬಯಿ ಪ್ರಾಂತ್ಯವಿತ್ತು. ಉತ್ತರದ ಬಳ್ಳಾರಿಯು ಮದರಾಸು ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಚಿತ್ರದುರ್ಗದ ಶಾಲೆ, ಕಚೇರಿ, ಪಠ್ಯಪುಸ್ತಕಗಳು ಮೈಸೂರಿನ ಕಡೆಗೆ ಮುಖ ಮಾಡಿದ್ದವು. ಸಂತೆ, ಹತ್ತಿಯ ವ್ಯಾಪಾರ ಮತ್ತು ನೆಂಟಸ್ತನಗಳು ದಾವಣಗೆರೆ, ಹರಪನಹಳ್ಳಿ, ರಾಯದುರ್ಗಗಳ ಕಡೆಗೂ ಹರಡಿದ್ದವು. 1997ರಲ್ಲಿ ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾಗುವವರೆಗೂ ಹರಿಹರ, ದಾವಣಗೆರೆ, ಜಗಳೂರುಗಳು ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದವು. ಜಿಲ್ಲೆ ಎರಡಾದರೂ ಮಾತಿನಲ್ಲಿ ಆ ನಂಟು ಹಾಗೆಯೇ ಇದೆ.

ಹಕಾರ ಲೋಪ

ಈ ಭಾಗದ ಆಡುಮಾತಿನಲ್ಲಿ ಹೊರಗಿನವರ ಗಮನಕ್ಕೆ ಮೊದಲು ಬರುವ ಲಕ್ಷಣವೆಂದರೆ ಪದದ ಮೊದಲಿನ ಹಕಾರವು ಬಿದ್ದುಹೋಗುವುದು. ಹಾಲು ‘ಆಲು’ ಆಗುತ್ತದೆ, ಹಂಗೆ ‘ಅಂಗೆ’, ಹನುಮಂತ ‘ಅನುಮಂತ’, ಹೋಟೆಲು ‘ಓಟ್ಲು’. ಹಕಾರ ಹೋದ ಮೇಲೆ ಉಳಿದ ಸ್ವರಕ್ಕೆ ಯಕಾರ ಅಥವಾ ವಕಾರದ ಆಸರೆ ದೊರೆಯುವುದುಂಟು: ಹೆಸರು ‘ಯೆಸರು’, ಹೊಲ ‘ವಲ’. ಇದು ಚಿತ್ರದುರ್ಗಕ್ಕೆ ಮಾತ್ರ ಸೀಮಿತವಾದುದಲ್ಲ. ತುಮಕೂರು, ಮಂಡ್ಯ ಮೊದಲಾದ ದಕ್ಷಿಣದ ಜಿಲ್ಲೆಗಳ ಗ್ರಾಮೀಣ ಮಾತಿನಲ್ಲಿಯೂ ಇದೆ. ಧಾರವಾಡ ಕನ್ನಡವು ಹಕಾರವನ್ನು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ.

ಈ ಹಕಾರವು ಮೂಲತಃ ಎಲ್ಲಿಂದ ಬಂದುದು ಎಂಬುದನ್ನು ತಿಳಿದರೆ ಲೋಪದ ಅರ್ಥ ಸ್ಪಷ್ಟವಾಗುತ್ತದೆ. ಹಳಗನ್ನಡದಲ್ಲಿ ಹಾಲು ಎಂಬುದಕ್ಕೆ ‘ಪಾಲ್’ ಎಂಬ ರೂಪವಿತ್ತು. ತಮಿಳಿನಲ್ಲಿ ಇಂದಿಗೂ ‘ಪಾಲ್’, ತೆಲುಗಿನಲ್ಲಿ ‘ಪಾಲು’ ಎಂದೇ ಇದೆ. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗಿ ಬದಲಾಗತೊಡಗಿ, ನಡುಗನ್ನಡದ ಕಾಲಕ್ಕೆ ಆ ಬದಲಾವಣೆ ವ್ಯಾಪಕವಾಯಿತು. ಪೂ ‘ಹೂ’ ಆಯಿತು, ಪುಲಿ ‘ಹುಲಿ’ ಆಯಿತು, ಪಳ್ಳಿ ‘ಹಳ್ಳಿ’ ಆಯಿತು. ಬರೆವಣಿಗೆಯ ಕನ್ನಡ ಅಲ್ಲಿಗೆ ನಿಂತಿತು. ಆಡುಮಾತು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು ಹಕಾರವನ್ನೂ ಬಿಟ್ಟಿತು. ಆದುದರಿಂದ ‘ಆಲು’ ಎಂಬುದನ್ನು ‘ಹಾಲು’ ಎಂಬುದರ ಕೆಟ್ಟ ರೂಪವೆನ್ನುವವರು, ಅದೇ ತರ್ಕದಿಂದ ‘ಹಾಲು’ ಎಂಬುದನ್ನು ‘ಪಾಲ್’ ಎಂಬುದರ ಕೆಟ್ಟ ರೂಪವೆನ್ನಬೇಕಾಗುತ್ತದೆ.

ಜಿಲ್ಲೆಯ ಮೂರು ತಾಲ್ಲೂಕುಗಳ ಹೆಸರುಗಳಲ್ಲಿಯೇ ಈ ಚರಿತ್ರೆ ಅಡಗಿದೆ. ಹಿರಿಯೂರಿನ ‘ಹಿರಿಯ’ ಹಳಗನ್ನಡದಲ್ಲಿ ‘ಪಿರಿಯ’ ಆಗಿತ್ತು. ಹೊಸದುರ್ಗದ ‘ಹೊಸ’ ಅಂದು ‘ಪೊಸ’. ಹೊಳಲ್ಕೆರೆಯ ‘ಹೊಳಲ್’ ಎಂಬುದು ಪಟ್ಟಣವೆಂಬ ಅರ್ಥದ ‘ಪೊೞಲ್’ ಎಂಬ ಪದದಿಂದ ಬಂದಿದೆ. ಇಲ್ಲಿ ಪಕಾರದ ಜೊತೆಗೆ ಕನ್ನಡ ಕಳೆದುಕೊಂಡ ೞಕಾರವೂ ಇತ್ತು. ಗ್ರಾಮೀಣರ ಬಾಯಲ್ಲಿ ಈ ಊರುಗಳು ಇಂದು ‘ಇರಿಯೂರು’, ‘ಒಸದುರ್ಗ’, ‘ಒಳಲ್ಕೆರೆ’ ಎಂದು ಕೇಳಿಸುತ್ತವೆ. ಹಿರಿಯೂರಿನ ಪೂರ್ವಕ್ಕೆ, ಆಂಧ್ರದ ಗಡಿಯ ಕಡೆಗೆ, ತೆಲುಗು ಮತ್ತು ಕನ್ನಡ ಎರಡನ್ನೂ ಬಲ್ಲ ಮನೆಗಳಲ್ಲಂತೂ ಮೂರು ಹಂತಗಳೂ ಒಟ್ಟಿಗೆ ಬದುಕಿವೆ: ತೆಲುಗಿನಲ್ಲಿ ‘ಪಾಲು’, ಮಗುವಿನ ಪುಸ್ತಕದಲ್ಲಿ ‘ಹಾಲು’, ಅಡುಗೆಮನೆಯಲ್ಲಿ ‘ಆಲು’. (ಜಿಲ್ಲಾ ಕೇಂದ್ರವನ್ನು ಸುತ್ತಲಿನವರು ಬರಿದೇ ‘ದುರ್ಗ’ ಎನ್ನುತ್ತಾರೆ. ಬ್ರಿಟಿಷರ ದಾಖಲೆಗಳ ‘ಚಿತಾಲ್‌ಡ್ರೂಗ್’ ಜನರ ನಾಲಗೆಯಲ್ಲಿ ಉಳಿಯಲಿಲ್ಲ.)

ಹಕಾರ ಹೋದಾಗ ಕೆಲವು ಪದಗಳು ಒಂದರಂತೆ ಇನ್ನೊಂದು ಕೇಳಿಸುವುದು ಸಹಜ. ಹಕ್ಕಿ ಮತ್ತು ಅಕ್ಕಿ, ಹಾಡು ಮತ್ತು ಆಡು ಒಂದೇ ಆಗುತ್ತವೆ. ಆಡು ಕಾಯುವವರೇ ಹಾಡು ಕಟ್ಟುವ ಈ ನಾಡಿನಲ್ಲಿ ಅದರಿಂದ ಯಾರಿಗೂ ತೊಂದರೆಯಾದಂತಿಲ್ಲ. ಸಂದರ್ಭವು ಅರ್ಥವನ್ನು ಹೇಳುತ್ತದೆ. ತೊಂದರೆ ಆರಂಭವಾಗುವುದು ಶಾಲೆಯಲ್ಲಿ. ತನ್ನ ಮಾತಿನಲ್ಲಿ ಹಕಾರ ತಪ್ಪುತ್ತದೆ ಎಂದು ಎಚ್ಚರಿಸಲ್ಪಟ್ಟ ಮಗು ಬೇಡದ ಕಡೆಯೂ ಅದನ್ನು ಸೇರಿಸತೊಡಗುತ್ತದೆ. ಆಸೆ ‘ಹಾಸೆ’ ಆಗುತ್ತದೆ, ಅಕ್ಕಿಯ ಚೀಲ ‘ಹಕ್ಕಿ’ಯ ಚೀಲವಾಗುತ್ತದೆ. ಭಾಷಾಶಾಸ್ತ್ರದಲ್ಲಿ ಇದನ್ನು ಅತಿತಿದ್ದುಪಡಿ ಎನ್ನುತ್ತಾರೆ. ಇಂತಹ ತಪ್ಪು ಆಡುಮಾತಿನಿಂದ ಹುಟ್ಟುವುದಲ್ಲ, ಆಡುಮಾತಿನ ಬಗೆಗಿನ ಅಂಜಿಕೆಯಿಂದ ಹುಟ್ಟುವುದು.

ಸ್ವರಗಳು

ಎರಡನೆಯ ಮುಖ್ಯ ಲಕ್ಷಣ ದೀರ್ಘ ಏಕಾರವು ‘ಯಾ’ ಎಂಬುದಕ್ಕೆ ಸಮೀಪವಾಗುವುದು: ಬೇಡ ‘ಬ್ಯಾಡ’, ಮೇಲೆ ‘ಮ್ಯಾಲೆ’, ಬೇರೆ ‘ಬ್ಯಾರೆ’. ಆದರೆ ‘ಕೇಳು’ ಎಂಬುದು ‘ಕ್ಯಾಳು’ ಆಗುವುದಿಲ್ಲ. ಮುಂದಿನ ಅಕ್ಷರದಲ್ಲಿ ಅಕಾರ ಅಥವಾ ಎಕಾರವಿದ್ದರೆ ಏಕಾರವು ತೆರೆದುಕೊಳ್ಳುತ್ತದೆ. ಇಕಾರ, ಉಕಾರಗಳಿದ್ದರೆ ಹಾಗೆಯೇ ಉಳಿಯುತ್ತದೆ. ಯಾವ ವ್ಯಾಕರಣವನ್ನೂ ಓದದವರು ಈ ನಿಯಮವನ್ನು ತಪ್ಪದೆ ಪಾಲಿಸುತ್ತಾರೆ. ಜಿಲ್ಲೆಯ ಪ್ರಮುಖ ಸಮುದಾಯವೊಂದರ ಹೆಸರೇ ಇದಕ್ಕೆ ನಿದರ್ಶನ: ದನ ಮೇಯಿಸುವ, ಮೇಸುವ ಬೇಡರು ‘ಮ್ಯಾಸಬೇಡರು’. ‘ಮೇಸು’ ಎಂಬಲ್ಲಿ ಉಕಾರವಿರುವುದರಿಂದ ಏಕಾರ ಉಳಿಯಿತು, ‘ಮ್ಯಾಸ’ ಎಂಬಲ್ಲಿ ಅಕಾರ ಬಂದುದರಿಂದ ಬದಲಾಯಿತು. ಚಳ್ಳಕೆರೆ ತಾಲ್ಲೂಕಿನ ಕಾಡುಗೊಲ್ಲರ ದೈವವಾದ ಕ್ಯಾತಪ್ಪನ ಹೆಸರನ್ನೂ ಶಾಸನಗಳಲ್ಲಿ ಕಂಡುಬರುವ ಕೇತ ಎಂಬ ವ್ಯಕ್ತಿನಾಮದೊಂದಿಗೆ ಹೋಲಿಸಿ ನೋಡಬಹುದು.

ಪದಾಂತ್ಯದ ಎಕಾರವು ಉತ್ತರ ಕರ್ನಾಟಕದಲ್ಲಿ ಇಕಾರವಾಗುತ್ತದೆ: ಮನೆ ‘ಮನಿ’, ತಲೆ ‘ತಲಿ’. ಹಿರಿಯೂರು ಮತ್ತು ಹೊಸದುರ್ಗಗಳಲ್ಲಿ ‘ಮನೆ’ಯೇ ಇದೆ. ದಾವಣಗೆರೆಯ ಕಡೆಗೆ ಸಾಗಿದಂತೆ ‘ಮನಿ’ ಎಂಬ ರೂಪ ಕೇಳಿಬರುತ್ತದೆ. ಶಕಾರ ಮತ್ತು ಷಕಾರಗಳು ಸಕಾರದಲ್ಲಿ ಲೀನವಾಗುವುದು (ಶಾಲೆ ‘ಸಾಲೆ’, ಶಿವ ‘ಸಿವ’), ಮಹಾಪ್ರಾಣಗಳು ಅಲ್ಪಪ್ರಾಣಗಳಾಗುವುದು ಕನ್ನಡದ ಬಹುತೇಕ ಆಡುಮಾತುಗಳಿಗೆ ಸಮಾನವಾದ ಲಕ್ಷಣಗಳು. ರಕಾರವು ಮುಂದಿನ ವ್ಯಂಜನದಲ್ಲಿ ಸೇರಿಹೋಗಿ ‘ಬರ್ತಾನೆ’ ಎಂಬುದು ‘ಬತ್ತಾನೆ’ ಆಗುತ್ತದೆ. ‘ಎರಡು’ ಎಂಬುದು ‘ಯಲ್ಡು’ ಆಗುವುದಂತೂ ಈ ಸೀಮೆಯವರನ್ನು ಬೆಂಗಳೂರಿನಲ್ಲಿ ಕೂಡಲೇ ಗುರುತಿಸಿಕೊಡುತ್ತದೆ.

ಕ್ರಿಯಾಪದ ಮತ್ತು ಸಂಬೋಧನೆ

ಬರೆಹದ ‘ಇದೆ’ ಎಂಬುದಕ್ಕೆ ಹಿರಿಯೂರು, ಹೊಸದುರ್ಗಗಳಲ್ಲಿ ‘ಐತೆ’ ಎನ್ನುತ್ತಾರೆ. ದಾವಣಗೆರೆಯ ಕಡೆಗೆ ‘ಐತಿ’. ಇದೇ ಭೇದವು ‘ಮಾಡುತ್ತದೆ’ ಎಂಬಂತಹ ರೂಪಗಳಲ್ಲಿ ವಿಸ್ತರಿಸುತ್ತದೆ: ದಕ್ಷಿಣದಲ್ಲಿ ‘ಮಾಡ್ತೈತೆ’, ಪಶ್ಚಿಮೋತ್ತರದಲ್ಲಿ ‘ಮಾಡ್ತತೆ’ ಅಥವಾ ‘ಮಾಡ್ತತಿ’. ಚಿತ್ರದುರ್ಗ ನಗರದಲ್ಲಿ ಇವೆಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ.

ಆತ್ಮೀಯ ಸಂಬೋಧನೆಯಲ್ಲಿ ಮೈಸೂರು ಕಡೆಯ ‘ಕಣೋ’, ‘ಕಣೇ’, ‘ಕಣಪ್ಪ’ಗಳೂ ಉತ್ತರದ ‘ಲೇ’, ‘ರೀ’ಗಳೂ ಇಲ್ಲಿ ಭೇಟಿಯಾಗುತ್ತವೆ. ‘ಕಾಣು’ ಎಂಬ ಧಾತುವಿನಿಂದ ಬಂದ ‘ಕಣ್’ ಮತ್ತು ಗೌರವದ ‘ರೀ’ ಸೇರಿ ‘ಕಣ್ರೀ’ ಆಗುವುದನ್ನು ಹಿರಿಯರೊಡನೆ ಸಲಿಗೆಯಿಂದ ಮಾತನಾಡುವಾಗ ಕೇಳಬಹುದು. ತಾಯಿಗೆ ‘ಅವ್ವ’, ತಾಯಿಯ ತಂದೆಗೆ ‘ತಾತ’ ಅಥವಾ ‘ಅಜ್ಜ’ ಎನ್ನುವುದು ಊರಿಗಿಂತ ಹೆಚ್ಚಾಗಿ ಮನೆತನವನ್ನು ಅವಲಂಬಿಸಿದೆ. ಅಪರಿಚಿತ ಹಿರಿಯನನ್ನು ‘ಯಜಮಾನ್ರೆ’ ಎಂದು ಮಾತನಾಡಿಸುವ ಪದ್ಧತಿ ಇನ್ನೂ ಇದೆ.

ಊಟ, ಬೆಳೆ, ಪದಕೋಶ

ಪದಗಳ ಗಡಿಯು ಬಹಳ ಕಡೆ ಊಟದ ಗಡಿಯೊಂದಿಗೆ ಸಾಗುತ್ತದೆ. ದಕ್ಷಿಣದಿಂದ ಬರುವ ರಾಗಿಮುದ್ದೆಯೂ ಉತ್ತರದಿಂದ ಬರುವ ಜೋಳದ ರೊಟ್ಟಿಯೂ ಈ ಜಿಲ್ಲೆಯಲ್ಲಿ ಒಂದೇ ಮನೆಯ ಊಟದಲ್ಲಿ ಸೇರುತ್ತವೆ. ಹುರಿದ ಅಕ್ಕಿಯ ತಿನಿಸಿಗೆ ಬೆಂಗಳೂರು, ತುಮಕೂರುಗಳ ಕಡೆ ‘ಕಡ್ಲೆಪುರಿ’ ಎಂದೂ ಧಾರವಾಡದ ಕಡೆ ‘ಚುರುಮುರಿ’ ಎಂದೂ ಹೆಸರು. ದಾವಣಗೆರೆ ಮತ್ತು ಚಿತ್ರದುರ್ಗಗಳಲ್ಲಿ ಅದು ‘ಮಂಡಕ್ಕಿ’. ಎರಡು ದೊಡ್ಡ ಉಪಭಾಷೆಗಳ ನಡುವಣ ಪ್ರದೇಶವು ಇಬ್ಬರದ್ದನ್ನೂ ಬಿಟ್ಟು ತನ್ನದೇ ಪದವನ್ನು ಇಟ್ಟುಕೊಂಡಿರುವುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಹೊಳಲ್ಕೆರೆ ತಾಲ್ಲೂಕಿನಲ್ಲಿಯೂ ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದ ಸುತ್ತಲೂ ಅಡಿಕೆ ತೋಟಗಳಿವೆ. ಅಡಿಕೆಯೊಂದಿಗೆ ಚನ್ನಗಿರಿ, ಶಿವಮೊಗ್ಗಗಳ ಮಾತಿನ ಸಂಪರ್ಕವೂ ಬಂದಿದೆ. ಹೊಸದುರ್ಗದಲ್ಲಿ ತೆಂಗು ಪ್ರಧಾನ. ಹಿರಿಯೂರಿನಲ್ಲಿ ವೇದಾವತಿ ನದಿಗೆ ಕಟ್ಟಿದ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ಜನರ ಮಾತಿನಲ್ಲಿ ಇಂದಿಗೂ ‘ಮಾರಿಕಣಿವೆ’. ಕುರಿ ಸಾಕುವವರ ಪದಗಳು ಎಲ್ಲೆಡೆ ವ್ಯಾಪಕವಾಗಿವೆ: ಕುರಿ ಕೂಡುವ ಬೇಲಿಯ ಆವರಣ ‘ರೊಪ್ಪ’, ಜನರು ವಾಸಿಸುವ ನೆಲೆ ‘ಹಟ್ಟಿ’. ಕರಾವಳಿಯಲ್ಲಿ ‘ಹಟ್ಟಿ’ ಎಂದರೆ ದನದ ಕೊಟ್ಟಿಗೆ. ಇಲ್ಲಿ ಅದು ಇಡೀ ಊರು. ನಾಯಕನಹಟ್ಟಿಯಂತಹ ದೊಡ್ಡ ಊರುಗಳ ಹೆಸರಿನಲ್ಲಿಯೂ ನೂರಾರು ಗೊಲ್ಲರಹಟ್ಟಿಗಳ ಹೆಸರಿನಲ್ಲಿಯೂ ಅದು ಉಳಿದಿದೆ. ಈ ಪದವೂ ‘ಪಟ್ಟಿ’ ಎಂಬ ಹಳೆಯ ರೂಪದಿಂದ ಬಂದದ್ದು.

ಸಮುದಾಯಗಳು ಮತ್ತು ಮನೆಮಾತುಗಳು

ಒಂದೇ ಊರಿನಲ್ಲಿ ಮಾತಿನ ರೂಪಗಳು ಬೇರೆಯಾಗಲು ಸಮುದಾಯಗಳ ವೈವಿಧ್ಯವೇ ಮುಖ್ಯ ಕಾರಣ. ಕಾಡುಗೊಲ್ಲರು ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗ, ಹೊಸದುರ್ಗ ತಾಲ್ಲೂಕುಗಳಲ್ಲಿಯೂ ನೆರೆಯ ತುಮಕೂರು ಜಿಲ್ಲೆಯ ಶಿರಾ ಭಾಗದಲ್ಲಿಯೂ ನೆಲೆಸಿದ ಪಶುಪಾಲಕ ಸಮುದಾಯ. ಹೆಸರಿನಲ್ಲಿ ಸಾಮ್ಯವಿದ್ದರೂ ಊರುಗೊಲ್ಲರಿಂದ ಇವರು ಭಿನ್ನರು. ಊರುಗೊಲ್ಲರ ಮನೆಮಾತು ತೆಲುಗು, ಕಾಡುಗೊಲ್ಲರದು ಕನ್ನಡ. ಇದು ಕೇವಲ ವಿದ್ವಾಂಸರ ಆಸಕ್ತಿಯ ವಿಷಯವಲ್ಲ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬಹುಕಾಲದ ಬೇಡಿಕೆಯಲ್ಲಿ, ಅವರು ಪ್ರತ್ಯೇಕ ಸಮುದಾಯವೆಂಬ ವಾದಕ್ಕೆ ಭಾಷೆ ಮತ್ತು ಆಚರಣೆಗಳೇ ಆಧಾರವಾಗಿವೆ.

ಜುಂಜಪ್ಪ, ಎತ್ತಪ್ಪ ಮೊದಲಾದ ಸಾಂಸ್ಕೃತಿಕ ವೀರರ ಕಥನಗಳನ್ನು ಕಾಡುಗೊಲ್ಲರು ‘ಗಣೆ’ ಎಂಬ ಉದ್ದನೆಯ ಬಿದಿರಿನ ವಾದ್ಯದೊಂದಿಗೆ ಹಾಡುತ್ತಾರೆ. ಹೊಲ, ಮಳೆ, ದನಕರು, ಬೇಟೆಗಳಿಗೆ ಸಂಬಂಧಿಸಿದ, ಇತರರ ಬಾಯಲ್ಲಿ ಮರೆತುಹೋದ ಎಷ್ಟೋ ಪದಗಳು ಈ ಹಾಡುಗಳಲ್ಲಿವೆ. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಮುಳ್ಳುಕಂಟಿಗಳಿಂದ ಕಟ್ಟಿದ ಗುಡಿಯ ಮೇಲೆ ಬರಿಗಾಲಿನಲ್ಲಿ ಹತ್ತಿ ಕಳಸ ಕೀಳುವ ಆಚರಣೆ ಪ್ರಸಿದ್ಧವಾಗಿದೆ. ಸಂಸ್ಕೃತಿಯ ವೈವಿಧ್ಯವನ್ನು ಕೊಂಡಾಡುವಾಗ ಮರೆಯಬಾರದ ಸಂಗತಿಯೊಂದಿದೆ: ಮುಟ್ಟಾದ ಮತ್ತು ಹೆರಿಗೆಯಾದ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿರಿಸುವ ಪದ್ಧತಿಯೂ ಈ ಸಂಪ್ರದಾಯದ ಭಾಗವೇ ಆಗಿದ್ದು, ಅದರ ವಿರುದ್ಧ ಸಮುದಾಯದ ಒಳಗಿನಿಂದಲೇ ಧ್ವನಿ ಎದ್ದಿದೆ.

ಮ್ಯಾಸಬೇಡರು ಅಥವಾ ಮ್ಯಾಸನಾಯಕರು ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಹೆಚ್ಚಾಗಿದ್ದಾರೆ. ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳ ಹಿಂಡನ್ನು ಪೋಷಿಸುವುದು ಇವರ ವೈಶಿಷ್ಟ್ಯ. ಆ ಹಿಂಡನ್ನು ಕಾಯುವವನಿಗೆ ‘ಕಿಲಾರಿ’ ಎಂದು ಹೆಸರು. ಇವರಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಕನ್ನಡ. ಮಂದಲೋರು, ಯರಪೋತಲೋರು ಎಂಬ ಬೆಡಗುಗಳ ಹೆಸರುಗಳಲ್ಲಿ ಮುಂಭಾಗ ತೆಲುಗಿನದು, ಕೊನೆಯ ‘ಓರು’ ಕನ್ನಡದ ‘ಅವರು’ ಎಂಬುದರ ಆಡುರೂಪ. ಎರಡು ಭಾಷೆಗಳನ್ನು ಒಂದೇ ಪದದಲ್ಲಿ ಹೊಲಿದಿರುವ ಇಂತಹ ಹೆಸರನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯುವುದು ಎಂಬ ಪ್ರಶ್ನೆಗೆ ಜನಗಣತಿಯ ನಮೂನೆಯಲ್ಲಿ ಉತ್ತರವಿರುವುದಿಲ್ಲ.

ಲಂಬಾಣಿ ತಾಂಡಾಗಳು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳಲ್ಲೆಲ್ಲ ಇವೆ. ಅವರ ಗೋರ್‌ಬೋಲಿಯು ರಾಜಸ್ಥಾನಿ ಭಾಷೆಗಳಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ. ಸ್ವಂತ ಲಿಪಿಯಿಲ್ಲದ ಕಾರಣ ಕರ್ನಾಟಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ತಾಂಡಾದ ಹಿರಿಯರು ನಾಯಕ, ಡಾವೊ, ಕಾರಭಾರಿ ಎಂದು ಕರೆಯಲ್ಪಡುತ್ತಾರೆ. ‘ನಾಯಕ’ ಎಂಬ ಒಂದೇ ಪದವು ದುರ್ಗದ ಅರಸರಿಗೂ ವಾಲ್ಮೀಕಿ ಸಮುದಾಯಕ್ಕೂ ತಾಂಡಾದ ಮುಖಂಡನಿಗೂ ಅನ್ವಯವಾಗುವುದರಿಂದ ಹೊರಗಿನವರು ಗೊಂದಲಕ್ಕೆ ಒಳಗಾಗುವುದುಂಟು. ಮುಸ್ಲಿಮರಲ್ಲಿ ದಖನಿ ಉರ್ದು ಬಳಕೆಯಲ್ಲಿದೆ. ಮರಾಠಿಯಿಂದ ಬಂದ ‘ನಕ್ಕೊ’ ಅದರ ಗುರುತಿನ ಪದ.

ಸ್ಪೇನಿನೊಂದಿಗೆ ಹೋಲಿಕೆ

ಪ್ರಾದೇಶಿಕ ಉಚ್ಚಾರಗಳ ವೈವಿಧ್ಯ ಮತ್ತು ಅವುಗಳ ಮಾನ್ಯತೆಯ ಪ್ರಶ್ನೆಯಲ್ಲಿ ಸ್ಪೇನ್ ದೇಶವು ಉಪಯುಕ್ತ ಹೋಲಿಕೆಯನ್ನು ಒದಗಿಸುತ್ತದೆ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫರೀನ’ ಎಂಬ ಪದವಿತ್ತು. ಸ್ಪೇನಿನ ಕ್ಯಾಸ್ಟೀಲ್ ಪ್ರಾಂತ್ಯದ ಮಾತಿನಲ್ಲಿ ಪದಾದಿಯ ಫಕಾರವು ಮೊದಲು ಹಕಾರವಾಗಿ, ಅನಂತರ ಆ ಹಕಾರವೂ ಬಿದ್ದು ‘ಅರೀನ’ ಆಯಿತು. ಬರೆವಣಿಗೆಯಲ್ಲಿ ಹಕಾರದ ಅಕ್ಷರವನ್ನು ಇಂದಿಗೂ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಪಾಲ್, ಹಾಲು, ಆಲು ಎಂಬ ಸರಣಿಗೆ ಇದು ಸರಿಸಮವಾದ ಬೆಳವಣಿಗೆ. ಸ್ಪೇನಿನಲ್ಲಿ ಹಕಾರವನ್ನು ಬಿಟ್ಟ ಮಾತೇ ರಾಜಧಾನಿಯ ಶಿಷ್ಟ ಭಾಷೆಯಾಯಿತು. ದಕ್ಷಿಣದ ಆಂಡಲೂಸಿಯ ಮತ್ತು ಎಕ್ಸ್‌ಟ್ರೆಮದೂರಗಳ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದ ಹಕಾರವು ಹಳ್ಳಿಗಾಡಿನ ಗುರುತೆನಿಸಿತು. ಮ್ಯಾಡ್ರಿಡ್‌ನಲ್ಲಿ ಸುಸಂಸ್ಕೃತವೆನಿಸಿದ ಲೋಪವು ಹಿರಿಯೂರಿನಲ್ಲಿ ಅಶುದ್ಧವೆನಿಸಲು ಧ್ವನಿಯ ಗುಣ ಕಾರಣವಲ್ಲ. ಯಾರ ಮಾತು ಬರೆಹಕ್ಕೆ ಆಧಾರವಾಯಿತು ಎಂಬುದಷ್ಟೇ ಕಾರಣ.

ಸಕಾರದ ವಿಷಯವೂ ಹೀಗೆಯೇ. ಮ್ಯಾಡ್ರಿಡ್‌ನವರು ಬೇರೆಬೇರೆಯಾಗಿ ನುಡಿಯುವ ಎರಡು ಧ್ವನಿಗಳನ್ನು ಆಂಡಲೂಸಿಯದ ಹಲವರು, ಕೆನರಿ ದ್ವೀಪದವರು ಮತ್ತು ಲ್ಯಾಟಿನ್ ಅಮೆರಿಕದ ಎಲ್ಲ ದೇಶಗಳವರು ಒಂದೇ ಸಕಾರವಾಗಿ ನುಡಿಯುತ್ತಾರೆ. ಅಮೆರಿಕ ಖಂಡದ ದೇಶಗಳಲ್ಲಿ ಅದುವೇ ಶಿಷ್ಟ ಉಚ್ಚಾರ. ಸ್ಪೇನಿನಲ್ಲಿ ಇಂತಹ ಪ್ರಾದೇಶಿಕ ಉಚ್ಚಾರಗಳಲ್ಲದೆ ಕೆಟಲಾನ್, ಗಲೀಷಿಯನ್ ಭಾಷೆಗಳೂ ಯುರೋಪಿನ ಬೇರಾವ ಭಾಷೆಗೂ ಸಂಬಂಧಪಡದ ಬಾಸ್ಕ್ ಭಾಷೆಯೂ ಇವೆ. 1978ರ ಸಂವಿಧಾನದ ಮೂರನೆಯ ವಿಧಿಯು ಕ್ಯಾಸ್ಟೀಲಿಯನ್ನನ್ನು ದೇಶದ ಅಧಿಕೃತ ಭಾಷೆಯೆಂದು ಹೇಳಿ, ಇತರ ಭಾಷೆಗಳಿಗೆ ಆಯಾ ಸ್ವಾಯತ್ತ ಪ್ರಾಂತ್ಯಗಳಲ್ಲಿ ಅಧಿಕೃತ ಸ್ಥಾನ ನೀಡುತ್ತದೆ. ಅದೇ ವಿಧಿಯು ಭಾಷಿಕ ರೂಪಗಳ ವೈವಿಧ್ಯವನ್ನು ರಕ್ಷಣೆಗೆ ಅರ್ಹವಾದ ಸಾಂಸ್ಕೃತಿಕ ಸಂಪತ್ತೆಂದು ಗುರುತಿಸಿರುವುದು ವಿಶೇಷ. ಭಾರತದ ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಅವಕಾಶ ಕಲ್ಪಿಸಬೇಕೆಂದು ಹೇಳುತ್ತದೆ. ಒಂದೇ ಭಾಷೆಯೊಳಗಿನ ಪ್ರಾದೇಶಿಕ ರೂಪಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಶಾಲೆಯಲ್ಲಿ ಆಡುಮಾತು

ಕಾಡುಗೊಲ್ಲರ ಮಗುವಾಗಲಿ ತಾಂಡಾದ ಮಗುವಾಗಲಿ ಒಂದನೆಯ ತರಗತಿಯಲ್ಲಿ ಎದುರಿಸುವುದು ಒಂದೇ ಪಠ್ಯಪುಸ್ತಕವನ್ನು. ತಾಂಡಾದ ಮಗುವಿಗೆ ಅದು ಬೇರೆ ಭಾಷೆಯೆಂಬುದು ಶಿಕ್ಷಕರಿಗೆ ತಿಳಿದಿರುತ್ತದೆ. ಕಲಿಕೆ ನಿಧಾನವಾದರೆ ಅದಕ್ಕೊಂದು ಕಾರಣವಿದೆ ಎಂದು ಒಪ್ಪುತ್ತಾರೆ. ಹಟ್ಟಿಯ ಮಗುವಿನ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಅದರ ಮಾತೂ ಕನ್ನಡವೇ ಆದುದರಿಂದ, ಪುಸ್ತಕದ ಕನ್ನಡಕ್ಕೂ ಅದರ ಕನ್ನಡಕ್ಕೂ ಇರುವ ಅಂತರವನ್ನು ಅಂತರವೆಂದು ಕಾಣದೆ ಮಗುವಿನ ದಡ್ಡತನವೆಂದು ಕಾಣುವುದು ಸುಲಭ. ‘ವಲ’ ಎಂದು ಬರೆದ ಮಗುವಿಗೆ ಕಾಗುಣಿತ ಬಾರದು ಎನ್ನುವುದಕ್ಕಿಂತ, ಅದು ತನ್ನ ಕಿವಿಗೆ ಕೇಳಿದುದನ್ನು ಸರಿಯಾಗಿಯೇ ಬರೆದಿದೆ ಎನ್ನುವುದು ಸತ್ಯಕ್ಕೆ ಹತ್ತಿರ. ಆಡುಮಾತು ಹೀಗೆ, ಬರೆಹ ಹೀಗೆ ಎಂದು ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ಪ್ರಾಥಮಿಕ ತರಗತಿಯ ಮಕ್ಕಳೂ ನಿಯಮವನ್ನು ಗ್ರಹಿಸುತ್ತಾರೆ. ಶಿಷ್ಟ ಕನ್ನಡದ ಕಲಿಕೆಗೆ ಇದರಿಂದ ಅಡ್ಡಿಯಾಗುವುದಿಲ್ಲ. ಪರೀಕ್ಷೆ, ಉದ್ಯೋಗ, ಆಡಳಿತಗಳಿಗೆ ಶಿಷ್ಟ ರೂಪ ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ತೀವ್ರವಾಗಿ ಎತ್ತಿದವರು ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು. ಹೆಚ್ಚಿನ ಕನ್ನಡಿಗರ ಉಚ್ಚಾರದಲ್ಲಿ ಇಲ್ಲದ ಮಹಾಪ್ರಾಣ ಮತ್ತು ಷಕಾರಗಳನ್ನು ಬರೆಹದಲ್ಲಿಯೂ ಕೈಬಿಡಬಹುದೆಂದು ಅವರು ವಾದಿಸಿದರು ಮತ್ತು ತಮ್ಮ ಪುಸ್ತಕಗಳನ್ನು ಹಾಗೆಯೇ ಬರೆದರು. ಅವರ ವಾದಕ್ಕೆ ವಿರೋಧವೂ ವ್ಯಾಪಕವಾಗಿ ವ್ಯಕ್ತವಾಯಿತು. ಲಿಪಿಯ ಸುಧಾರಣೆಯನ್ನು ಒಪ್ಪದವರು ಸಹ, ಆಡುಮಾತಿಗೆ ವ್ಯಾಕರಣವಿದೆ ಎಂಬ ಅವರ ಮೂಲ ಪ್ರತಿಪಾದನೆಯನ್ನು ಅಲ್ಲಗಳೆಯುವುದು ಕಷ್ಟ.

ಸಾಹಿತ್ಯ, ರಂಗಭೂಮಿ ಮತ್ತು ದಾಖಲಾತಿ

ಚಿತ್ರದುರ್ಗವನ್ನು ಕನ್ನಡ ಓದುಗರಿಗೆ ಪರಿಚಯಿಸಿದ ಪ್ರಮುಖ ಲೇಖಕರು ತ. ರಾ. ಸುಬ್ಬರಾಯರು. ನಾಯಕ ಅರಸರನ್ನು ಕುರಿತ ಅವರ ಕಾದಂಬರಿಗಳಲ್ಲಿ ಕೊನೆಯದಾದ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆ ಕಾದಂಬರಿಗಳ ಭಾಷೆ ಗಂಭೀರವಾದ ಶಿಷ್ಟ ಕನ್ನಡ. ಐತಿಹಾಸಿಕ ಕಾದಂಬರಿಯ ಅಂದಿನ ಸಂಪ್ರದಾಯ ಅದನ್ನೇ ನಿರೀಕ್ಷಿಸುತ್ತಿತ್ತು. ಆದರೆ ಬೇಡ ಸಮುದಾಯದ ಅರಸರ ಕಥೆಯು ನಾಡಿನ ಮನಸ್ಸಿನಲ್ಲಿ ಅವರ ಜನರ ಮಾತಿನಿಂದ ಬೇರ್ಪಟ್ಟು ನೆಲೆಗೊಂಡಿತು ಎಂಬುದೂ ನಿಜ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿರುವ ಶಿವಕುಮಾರ ಕಲಾಸಂಘದ ‘ಶಿವಸಂಚಾರ’ ತಂಡವು ರಾಜ್ಯದಾದ್ಯಂತ ನಾಟಕಗಳನ್ನು ಪ್ರದರ್ಶಿಸುತ್ತಾ ಬಂದಿದ್ದು, ಗ್ರಾಮೀಣ ನಟರಿಗೆ ರಂಗದ ಮೇಲೆ ಅವಕಾಶ ಕಲ್ಪಿಸಿದೆ.

ಮೌಖಿಕ ಪರಂಪರೆಯ ದಾಖಲಾತಿಯಲ್ಲಿ ಉಲ್ಲೇಖನೀಯವಾದ ಹೆಸರು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯದು. ಅಕ್ಷರ ಕಲಿಯದ ಈ ಕಾಡುಗೊಲ್ಲ ಹಾಡುಗಾರ್ತಿಯ ನೆನಪಿನಲ್ಲಿದ್ದ ಅಪಾರ ಸಂಖ್ಯೆಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು. ಇಂತಹ ಹಾಡುಗಳನ್ನು ಅಚ್ಚಿಗೆ ಸಿದ್ಧಪಡಿಸುವವರ ಮುಂದೆ ಉಚ್ಚಾರದ ಪ್ರಶ್ನೆ ನೇರವಾಗಿ ಎದುರಾಗುತ್ತದೆ. ಹಾಡುವವರ ಬಾಯಲ್ಲಿ ಹಾಲು, ಹಾಡು, ಹಾವು ಎಂಬ ಪದಗಳು ಆಕಾರದಿಂದ ಆರಂಭವಾಗಿ, ಆಡು, ಆಲ, ಆರು ಮುಂತಾದವುಗಳೊಂದಿಗೆ ಸಾಲಿನ ಮೊದಲಲ್ಲಿ ನಾದವಾಗಿ ಹೊಂದಿಕೊಳ್ಳುತ್ತವೆ. ಸಂಪಾದಕರು ಓದುಗರ ಅನುಕೂಲಕ್ಕೆಂದು ಹಕಾರವನ್ನು ಸೇರಿಸಿ ತಿದ್ದಿದರೆ ಆ ಹೊಂದಿಕೆ ಪುಟದ ಮೇಲೆ ಕಾಣದಾಗುತ್ತದೆ. ಕೇಳಿದಂತೆಯೇ ಬರೆದರೆ ಹೊರಗಿನ ಓದುಗರಿಗೆ ಅರ್ಥ ತಡವಾಗಿ ಆಗುತ್ತದೆ. ಹಾಡುವವರ ರೂಪವನ್ನು ಹಾಗೆಯೇ ಉಳಿಸಿ ಕೊನೆಯಲ್ಲಿ ಪದಕೋಶ ಕೊಡುವುದು, ಜೊತೆಗೆ ಧ್ವನಿಮುದ್ರಣವನ್ನು ಕಾಪಾಡುವುದು ಇದಕ್ಕೆ ಇರುವ ಮಾರ್ಗ. ಗಣೆಯೊಂದಿಗೆ ಇಡೀ ಕಥನವನ್ನು ಹಾಡಬಲ್ಲವರಲ್ಲಿ ಹೆಚ್ಚಿನವರು ವಯಸ್ಸಾದವರು. ಹಟ್ಟಿಗಳ ಮಕ್ಕಳು ಶಾಲೆಗೂ ಉದ್ಯೋಗಕ್ಕೂ ಬೆಂಗಳೂರು, ದಾವಣಗೆರೆಗಳನ್ನು ಸೇರುತ್ತಿದ್ದಾರೆ. ಹಬ್ಬ ಮತ್ತು ಜಾತ್ರೆಗೆ ಊರಿಗೆ ಬಂದಾಗ ಹಾಡನ್ನು ಮೊಬೈಲ್ ಫೋನಿನಲ್ಲಿ ಹಿಡಿದಿಟ್ಟುಕೊಳ್ಳುವ ಪರಿಪಾಠ ಅವರಲ್ಲಿ ಬೆಳೆದಿದೆ.